ಒಂದರ ಸ್ಥಾನದಲ್ಲಿ ಇನ್ನೊಂದು

ಕನ್ನಡ ವ್ಯಾಕರಣದ ಪರಿಚಯವುಳ್ಳವರಿಗೆಲ್ಲ ಆದೇಶಸಂಧಿ ಗೊತ್ತು. ಮಳೆ ಎಂಬುದರ ಮುಂದೆ ಕಾಲ ಎಂಬುದು ಬಂದರೆ ಮಳೆಗಾಲವಾಗುತ್ತದೆ. ಬೆಟ್ಟದ ಮುಂದೆ ತಾವರೆ ಬಂದರೆ ಬೆಟ್ಟದಾವರೆಯಾಗುತ್ತದೆ. ಒಂದು ಅಕ್ಷರ ತನ್ನ ಸ್ಥಾನವನ್ನು ತೆರವು ಮಾಡುತ್ತದೆ, ಇನ್ನೊಂದು ಬಂದು ಅಲ್ಲಿ ಕೂರುತ್ತದೆ. ಆದರೆ ಹಾಗೆ ಬಂದು ಕೂರುವ ಅಧಿಕಾರ ಎಲ್ಲ ಅಕ್ಷರಕ್ಕೂ ಇಲ್ಲ. ಕಕಾರದ ಎಡೆಗೆ ಗಕಾರವೇ ಬರಬೇಕು, ಬಕಾರ ಬರುವಂತಿಲ್ಲ. ಏಕೆಂದರೆ ಕ, ಗ ಎರಡೂ ಹುಟ್ಟುವುದು ಕಂಠದಲ್ಲಿ. ಸ್ಥಾನಿಗೆ ಅತ್ಯಂತ ಸಮೀಪವಾದುದೇ ಆದೇಶವಾಗತಕ್ಕದ್ದೆಂದು ಪಾಣಿನಿಯೂ ವಿಧಿಸಿದ್ದಾನೆ. ಈ ಪಾಠವನ್ನು ಮೂರು ದಶಕಗಳ ಕಾಲ ತರಗತಿಯಲ್ಲಿ ಹೇಳಿದವನು ನಾನು. ಇದೇ ನ್ಯಾಯ ರೇಡಿಯೋ ಪೆಟ್ಟಿಗೆಯೊಳಗಿನ ಗಾಜಿನ ಬುರುಡೆಗಳಿಗೂ ಅನ್ವಯಿಸುತ್ತದೆಂಬುದು ಈ ಭಾಷಣದ ವಿಷಯ.

ಇಂದಿನ ತರುಣರು ವಾಲ್ವನ್ನು ನೋಡಿರಲಾರರು. ಆದ್ದರಿಂದ ನಾಲ್ಕು ಮಾತು ಹೇಳಿ ಮುಂದುವರಿಯುತ್ತೇನೆ. ಗಾಳಿಯನ್ನೆಲ್ಲ ಹೊರಗೆಳೆದು ಮುಚ್ಚಿದ ಒಂದು ಗಾಜಿನ ಬುರುಡೆ. ಅದರೊಳಗೆ ಕೆಂಪಗೆ ಕಾಯುವ ಒಂದು ತಂತು. ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಆವಿಯಂತೆ ಏಳುತ್ತವೆ. ಎದುರಿಗೆ ಲೋಹದ ತಗಡು, ಅದಕ್ಕೆ ಧನ ವೋಲ್ಟೇಜು ಕೊಟ್ಟರೆ ಇಲೆಕ್ಟ್ರಾನುಗಳು ಅತ್ತ ಹರಿಯುತ್ತವೆ, ಹಿಂದಕ್ಕೆ ಹರಿಯುವುದಿಲ್ಲ. ಹೀಗೆ ಒಂದೇ ದಿಕ್ಕಿಗೆ ದಾರಿ ಬಿಡುವುದರಿಂದಲೇ 1904ರಲ್ಲಿ ಇದನ್ನು ರೂಪಿಸಿದ ಇಂಗ್ಲೆಂಡಿನ ಫ್ಲೆಮಿಂಗ್ ಇದನ್ನು ವಾಲ್ವ್ ಎಂದು ಕರೆದನು. ಒಂದೆರಡು ವರ್ಷದಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ನಡುವೆ ಒಂದು ಜಾಲರಿಯನ್ನಿಟ್ಟನು, ಅದೇ ಗ್ರಿಡ್ಡು. ಕೆರೆಯ ತೂಬಿನ ಗೂಟವನ್ನು ಒಬ್ಬ ನೀರುಗಂಟಿ ಬೆರಳಷ್ಟು ಎತ್ತಿ ಇಳಿಸಿದರೆ ಕಾಲುವೆಯ ನೀರೆಲ್ಲ ಏರಿ ಇಳಿಯುತ್ತದಲ್ಲವೆ? ಗ್ರಿಡ್ಡಿನ ಮೇಲೆ ಅಲ್ಪವಾದ ಏರಿಳಿತ, ತಗಡಿನ ಬಳಿ ಬಹುವಾದ ಏರಿಳಿತ. ಸಂಗೀತವೂ ವಾರ್ತೆಯೂ ದೊಡ್ಡದಾಗಿ ಕೇಳಿಸಿದ್ದು ಇದರಿಂದ. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿಯನ್ನು ಪ್ರಸಾರ ಮಾಡಲು ಸಾಧ್ಯವಾದದ್ದೂ ಇದರಿಂದಲೇ.

ವಾಲ್ವಿನ ತಂತು ಒಂದು ದಿನ ಸುಡುತ್ತದೆ, ಇಲ್ಲವೆ ಕ್ಯಾಥೋಡು ಸೊರಗುತ್ತದೆ. ಆದ್ದರಿಂದಲೇ ಅದನ್ನು ಬೆಸೆಯದೆ, ಕಿತ್ತು ಹಾಕಲು ಬರುವಂತೆ ಸಾಕೆಟ್ಟಿನಲ್ಲಿ ಕೂರಿಸಿದರು. ಸತ್ತದ್ದರ ಜಾಗದಲ್ಲಿ ಅದೇ ಜಾತಿಯ ಹೊಸದನ್ನು ಇಟ್ಟರೆ ಕೆಲಸ ಮುಗಿಯಿತು. ಅದೇ ಜಾತಿಯದು ಸಿಕ್ಕದಿದ್ದರೆ? ಚರಿತ್ರೆ ಪ್ರಾರಂಭವಾಗುವುದು ಈ ಪ್ರಶ್ನೆಯಿಂದ.

ಮೊದಮೊದಲಿನ ಆದೇಶಗಳು ಲಾಭಕ್ಕಾಗಿ ನಡೆದವು. ಅಮೆರಿಕದಲ್ಲಿ 1920ರ ದಶಕದ ಆರಂಭದಲ್ಲಿ 201 ಎಂಬ ವಾಲ್ವು ಬಳಕೆಯಲ್ಲಿತ್ತು. ಅದರ ತಂತುವಿಗೆ 5 ವೋಲ್ಟಿನಲ್ಲಿ 1 ಆಂಪಿಯರ್ ಬೇಕು. ಆಗ ರೇಡಿಯೋ ನಡೆಯುತ್ತಿದ್ದುದು ಬ್ಯಾಟರಿಯಿಂದ. ನಾಲ್ಕೈದು ವಾಲ್ವಿದ್ದರೆ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಸ್ವಲ್ಪ ಕಾಲದಲ್ಲಿಯೇ 201ಎ ಬಂದಿತು. ಥೋರಿಯಂ ಬೆರೆತ ಟಂಗ್‌ಸ್ಟನ್ ತಂತುವಿನಿಂದಾಗಿ ಅದಕ್ಕೆ ಅದೇ 5 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. ಪೀಠ ಅದೇ, ಪಿನ್ನುಗಳು ಅವೇ. ಹಳೆಯದನ್ನು ಕಿತ್ತು ಹೊಸದನ್ನು ಹಾಕಿದವನಿಗೆ ಬ್ಯಾಟರಿ ನಾಲ್ಕು ಪಟ್ಟು ಕಾಲ ಬಂದಿತು. ಇದು ಸುಲಭದ ಸಂಧಿ.

ಮುಂದೆ ಜಾತಿಗಳು ನೂರಾರಾದವು, ಹೆಸರುಗಳೂ ನೂರಾರಾದವು. ಈ ಹೆಸರುಗಳ ಮೇಲೆ ನನಗೆ ವೃತ್ತಿಸಹಜವಾದ ಮೋಹವುಂಟು. ಯೂರೋಪಿನವರು ವಾಲ್ವಿಗೆ ಇಟ್ಟ ಹೆಸರು ನಮ್ಮ ಸಮಾಸಪದದಂತೆ. ಬಿಡಿಸಿದರೆ ಅರ್ಥ ಹೊರಬೀಳುತ್ತದೆ. ಇಸಿಸಿ83 ಎಂಬುದನ್ನು ತೆಗೆದುಕೊಳ್ಳಿ. ಮೊದಲಿನ ಇ ಎಂದರೆ ತಂತುವಿಗೆ 6.3 ವೋಲ್ಟು. ಸಿ ಎಂದರೆ ಟ್ರಯೋಡು. ಎರಡು ಸಿ ಇರುವುದರಿಂದ ಒಂದೇ ಗಾಜಿನಲ್ಲಿ ಎರಡು ಟ್ರಯೋಡು. 8 ಎಂದರೆ ಒಂಬತ್ತು ಪಿನ್ನಿನ ಪೀಠ. ಕಡೆಯ 3 ಸರದಿಯ ಗುರುತು. ಇಎಲ್34 ಎಂದರೆ 6.3 ವೋಲ್ಟಿನ, ಎಲ್ ಎಂದರೆ ಸ್ಪೀಕರನ್ನು ನಡೆಸುವ ಪೆಂಟೋಡಿನ, 3 ಎಂದರೆ ಎಂಟು ಪಿನ್ನಿನ ಪೀಠದ ವಾಲ್ವು. ಮೊದಲಕ್ಷರ ಯು ಆದರೆ ವೋಲ್ಟು ಎಷ್ಟೇ ಇರಲಿ, ತಂತುವಿನ ಕರೆಂಟು 100 ಮಿಲಿಆಂಪಿಯರ್. ಅಮೆರಿಕದವರ ಹೆಸರಿನಲ್ಲಿ ಇಷ್ಟು ವ್ಯುತ್ಪತ್ತಿ ಇಲ್ಲ. ಮೊದಲ ಅಂಕಿ ತಂತುವಿನ ವೋಲ್ಟನ್ನು ಹೇಳುತ್ತದೆ, ಮುಂದಿನ ಅಕ್ಷರಗಳು ಬಹುಮಟ್ಟಿಗೆ ಸರದಿಯವು. ಅವರ 12ಎಎಕ್ಸ್7 ಎಂಬುದೇ ಇವರ ಇಸಿಸಿ83. ಒಬ್ಬರು ಹನ್ನೆರಡು ಎನ್ನುತ್ತಾರೆ, ಇನ್ನೊಬ್ಬರು ಆರೂ ಚಿಲ್ಲರೆ ಎನ್ನುತ್ತಾರೆ, ಇಬ್ಬರೂ ಸುಳ್ಳಾಡುತ್ತಿಲ್ಲ. ಆ ತಂತುವಿಗೆ ನಡುವೆ ಒಂದು ಕವಲು ಇದೆ. ಎರಡು ಅರ್ಧಗಳನ್ನು ಸಾಲಾಗಿ ಜೋಡಿಸಿದರೆ 12.6 ವೋಲ್ಟು, ಪಕ್ಕಪಕ್ಕಕ್ಕೆ ಜೋಡಿಸಿದರೆ 6.3 ವೋಲ್ಟು.

ಲಾಭದ ಆದೇಶವು ಕೊರತೆಯ ಆದೇಶವಾದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರ ನಾಗರಿಕರ ಬಳಕೆಯ ರೇಡಿಯೋ ತಯಾರಿಕೆಯನ್ನು ನಿಲ್ಲಿಸಿತು. ಕಾರ್ಖಾನೆಗಳೆಲ್ಲ ಸೇನೆಯ ಕೆಲಸಕ್ಕೆ ತಿರುಗಿದವು. ಮನೆಗಳಲ್ಲಿದ್ದ ರೇಡಿಯೋಗಳು ಯುದ್ಧ ಮುಗಿಯುವವರೆಗೂ ಬಾಳಬೇಕು; ಬಿಡಿ ವಾಲ್ವುಗಳೋ ವಿರಳ. ಯುದ್ಧದ ವಾರ್ತೆಗೆ ಕಾದು ಕುಳಿತ ಮನೆಯಲ್ಲಿ ರೇಡಿಯೋ ಮೂಕವಾಯಿತೆಂದರೆ ಅದು ಬರಿಯ ವಿನೋದದ ಪ್ರಶ್ನೆಯಾಗಿರಲಿಲ್ಲ. ಮಗ ಯಾವ ಸಮುದ್ರದಲ್ಲಿದ್ದಾನೆಂದು ತಿಳಿಯದ ತಾಯಿತಂದೆಗಳಿಗೆ ಆ ಪೆಟ್ಟಿಗೆಯ ದನಿಯೊಂದೇ ಸಮಾಧಾನ.

ಅಲ್ಲಿಯ ಅಗ್ಗದ ರೇಡಿಯೋದಲ್ಲಿ ಸಾಮಾನ್ಯವಾಗಿ ಐದು ವಾಲ್ವು. ಐದರ ತಂತುಗಳನ್ನೂ ಹಾರದ ಮಣಿಗಳಂತೆ ಒಂದೇ ಸಾಲಿನಲ್ಲಿ ಪೋಣಿಸಿರುತ್ತಿದ್ದರು. 12.6 ವೋಲ್ಟಿನವು ಮೂರು, 50 ವೋಲ್ಟಿನದು ಒಂದು, 35 ವೋಲ್ಟಿನದು ಒಂದು, ಕೂಡಿದರೆ 122.8. ಅವರ ಮನೆಗೆ ಬರುವ ವಿದ್ಯುತ್ತು ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿಯಿತು. ಎಲ್ಲಕ್ಕೂ ಕರೆಂಟು ಒಂದೇ, 150 ಮಿಲಿಆಂಪಿಯರ್. ಒಂದು ತಂತು ಸುಟ್ಟರೆ ಐದೂ ಕಣ್ಣು ಮುಚ್ಚುತ್ತವೆ. ಈಗ ಸ್ಪೀಕರನ್ನು ನಡೆಸುವ 50ಎಲ್6 ಸತ್ತಿದೆ, ಅಂಗಡಿಯಲ್ಲಿ ಇರುವುದು 35ಎಲ್6 ಎಂದಿಟ್ಟುಕೊಳ್ಳಿ. ಅವೆರಡೂ ಸೋದರರು, ಪಿನ್ನುಗಳ ಕ್ರಮ ಒಂದೇ, ಕೆಲಸ ಒಂದೇ, ತಂತುವಿನ ಕರೆಂಟೂ ಒಂದೇ. ವ್ಯತ್ಯಾಸ 15 ವೋಲ್ಟು. ಆ 15 ವೋಲ್ಟನ್ನು ಬೇರೆಲ್ಲಾದರೂ ವ್ಯಯಮಾಡಬೇಕು. ಇಲ್ಲವಾದರೆ ಉಳಿದ ನಾಲ್ವರ ಪಾಲಿಗೆ ಅದು ಹಂಚಿಹೋಗಿ ಅವರ ಆಯುಸ್ಸು ಕುಗ್ಗುತ್ತದೆ. ಲೆಕ್ಕ ಹಾಕಿದರೆ 100 ಓಮಿನ ಒಂದು ರೆಸಿಸ್ಟರು ಸಾಲಿಗೆ ಸೇರಬೇಕು. ಅದರಲ್ಲಿ ಎರಡೂಕಾಲು ವಾಟಿನಷ್ಟು ಬಿಸಿ ಹುಟ್ಟುತ್ತದಾದ್ದರಿಂದ ಅದು ದಪ್ಪನಾದದ್ದಾಗಿರಬೇಕು. ಇಷ್ಟು ಮಾಡಿದರೆ ರೇಡಿಯೋ ಮಾತಾಡುತ್ತದೆ. ಆದರೆ 6.3 ವೋಲ್ಟಿನ, 300 ಮಿಲಿಆಂಪಿಯರ್ ಬೇಡುವ ವಾಲ್ವನ್ನು ಆ ಸಾಲಿಗೆ ತಂದು ಸೇರಿಸಿದರೆ ಅರ್ಧ ಹೊಟ್ಟೆಯ ಕರೆಂಟಿನಲ್ಲಿ ಅದು ಕಾಯುವುದೇ ಇಲ್ಲ. ಕಕಾರಕ್ಕೆ ಬಕಾರವನ್ನು ತಂದಂತೆ.

ಪಿನ್ನುಗಳೇ ಬೇರೆಯಾದಾಗ ಅಲ್ಲಿಯ ರಿಪೇರಿಗಾರರು ಮಾಡಿದ ಉಪಾಯ ಸೊಗಸಾದದ್ದು. ಸತ್ತ ವಾಲ್ವಿನ ಗಾಜನ್ನು ಒಡೆದು, ಪೀಠವನ್ನು ಮಾತ್ರ ಉಳಿಸಿಕೊಂಡು, ಅದರ ಪಿನ್ನುಗಳನ್ನು ಚೊಕ್ಕಟಮಾಡಿ, ಮೇಲೆ ಬೇರೆ ಜಾತಿಯ ಸಾಕೆಟ್ಟೊಂದನ್ನು ಕೂರಿಸಿ ಒಳಗೆ ತಂತಿಗಳನ್ನು ಬೇಕಾದ ಹಾಗೆ ಅಡ್ಡದಾಟಿಸಿ ಬೆಸೆಯುತ್ತಿದ್ದರು. ರೇಡಿಯೋಕ್ಕೆ ತನ್ನ ಹಳೆಯ ವಾಲ್ವೇ ಬಂದಿದೆಯೆಂಬ ಭ್ರಮೆ, ಹೊಸ ವಾಲ್ವಿಗೆ ತನ್ನ ಮನೆಯೇ ಸಿಕ್ಕಿತೆಂಬ ಭ್ರಮೆ. ಸತ್ತವನ ಪಾದವೇ ಹೀಗೆ ದುಭಾಷಿಯ ಕೆಲಸ ಮಾಡಿತು.

ಬ್ರಿಟನ್ನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1944ರಲ್ಲಿ ಅಲ್ಲಿ ನಾಗರಿಕರಿಗಾಗಿ ಒಂದೇ ನಕ್ಷೆಯ ಒಂದು ರೇಡಿಯೋವನ್ನು ಹಲವು ಕಂಪನಿಗಳಿಂದ ಮಾಡಿಸಿದರು. ಅದರ ವಾಲ್ವುಗಳ ಮೇಲೆ ತಯಾರಕರು ತಮ್ಮ ತಮ್ಮ ಹೆಸರಿನ ಬದಲು ವಾಲ್ವು ತಯಾರಕರ ಸಂಘದ ಒಂದು ಸಾಮಾನ್ಯ ಸಂಖ್ಯೆಯನ್ನು ಮುದ್ರಿಸಿದರು. ಆ ಸಂಖ್ಯೆಯ ಕೆಳಗೆ ಯಾವ ಕಾರ್ಖಾನೆಯ ಸಮಾನ ವಾಲ್ವು ಬಂದರೂ ಸಲ್ಲುತ್ತಿತ್ತು. ಮೂಲ ಯಾವುದು, ಆದೇಶ ಯಾವುದು ಎಂಬ ಭೇದವನ್ನೇ ಅಳಿಸಿಬಿಟ್ಟ ರೇಡಿಯೋ ಅದು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕೊರತೆಗೆ ಯುದ್ಧವೇ ಬೇಕಾಗಿರಲಿಲ್ಲ. 1957ರ ಸುಮಾರಿನ ವಿದೇಶಿ ವಿನಿಮಯದ ಮುಗ್ಗಟ್ಟಿನ ತರುವಾಯ ಹೊರಗಿನಿಂದ ತರಿಸುವುದಕ್ಕೆಲ್ಲ ಕಡಿವಾಣ ಬಿದ್ದಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾಗಿದ್ದ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಯೋಗದಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಆದರೆ ಒಂದು ಕಾರ್ಖಾನೆ ಎಷ್ಟು ಜಾತಿಯ ವಾಲ್ವುಗಳನ್ನು ತಯಾರಿಸೀತು? ಹಳೆಯ ಪೀಠದ ಹಳೆಯ ವಾಲ್ವುಗಳಿದ್ದ ರೇಡಿಯೋಗಳು ಊರೂರಲ್ಲಿ ಹಾಡುತ್ತಲೇ ಇದ್ದವು. ಅವುಗಳ ಯೋಗಕ್ಷೇಮ ರಿಪೇರಿ ಅಂಗಡಿಯವರ ಬುದ್ಧಿಗೆ ಬಿಟ್ಟದ್ದಾಗಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ರೇಡಿಯೋ ಒಂದು ಸಂಜೆ ಸುಮ್ಮನಾಯಿತು. ತಂದೆಯವರು ಉಪಾಧ್ಯಾಯರು. ಅದನ್ನು ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಾಲ್ಲೂಕು ಕೇಂದ್ರದ ಸಾಹೇಬರ ಅಂಗಡಿಗೆ ಒಯ್ದರು. ಜೊತೆಗೆ ನಾನೂ ಹೋದೆ. ಸಾಹೇಬರು ಹಿಂದಿನ ರಟ್ಟು ಬಿಚ್ಚಿ, ಒಂದೊಂದೇ ವಾಲ್ವನ್ನು ಪರೀಕ್ಷಿಸಿ, ಯುಎಲ್41 ಎಂಬುದನ್ನು ಅಂಗೈ ಮೇಲಿಟ್ಟುಕೊಂಡು, “ಮೇಷ್ಟ್ರೇ, ಇದು ಹೋಗಿದೆ. ಇದೇ ಬೇಕು ಅಂದ್ರೆ ಎಷ್ಟು ದಿನ ಕಾಯಬೇಕೋ ಹೇಳಕ್ಕಾಗಲ್ಲ. ಇದರ ತಮ್ಮ ಸಾಕು ಅಂದ್ರೆ ನಾಳೆ ಸಂಜೆಗೆ ಹಾಡಿಸಿ ಕೊಡ್ತೀನಿ” ಎಂದರು. ತಮ್ಮನೆಂದರೆ ಯುಎಲ್84. ಎರಡಕ್ಕೂ ತಂತು 45 ವೋಲ್ಟು, 100 ಮಿಲಿಆಂಪಿಯರ್. ಆದ್ದರಿಂದ ಸಾಲಿನ ಲೆಕ್ಕ ಕೆಡುವುದಿಲ್ಲ. ಆದರೆ ಅಣ್ಣನಿಗೆ ಎಂಟು ಪಿನ್ನು, ತಮ್ಮನಿಗೆ ಒಂಬತ್ತು. ಸಾಹೇಬರು ಹಳೆಯ ಸಾಕೆಟ್ಟನ್ನು ಕಿತ್ತು, ಹೊಸದನ್ನು ಕೂರಿಸಿ, ತಂತಿಗಳನ್ನು ಮತ್ತೆ ಬೆಸೆದರು. ಗ್ರಿಡ್ಡಿಗೆ ಎಷ್ಟು ಋಣ ವೋಲ್ಟೇಜು ಇರಬೇಕೆಂಬುದನ್ನು ನಿರ್ಧರಿಸುವ ರೆಸಿಸ್ಟರನ್ನೂ ಬದಲಿಸಿದರು. ಇದನ್ನು ಬಯಾಸ್ ಎನ್ನುತ್ತಾರೆ. ತೂಬಿನ ಗೂಟವನ್ನು ಮೊದಲಿಗೇ ಎಷ್ಟು ಎತ್ತಿ ನಿಲ್ಲಿಸಬೇಕೆಂಬ ಲೆಕ್ಕ ಅದು. ಮನೆಗೆ ಬಂದ ರೇಡಿಯೋದ ದನಿ ಕೇಳಿ ನಮ್ಮ ತಾಯಿ, “ವಾರ್ತೆ ಓದೋರು ಗಂಟಲು ತೊಳೆದುಕೊಂಡು ಬಂದ ಹಾಗಿದೆ” ಎಂದರು.

ನನ್ನ ಮನಸ್ಸಿನಲ್ಲಿ ನಿಂತದ್ದು ಆ ದನಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ರಟ್ಟು ಮುಚ್ಚುವ ಮುನ್ನ ಸಾಹೇಬರು ಒಂದು ಚೀಟಿಯಲ್ಲಿ ಯಾವುದನ್ನು ತೆಗೆದು ಯಾವುದನ್ನು ಹಾಕಿದೆ, ಯಾವ ರೆಸಿಸ್ಟರು ಬದಲಾಯಿತು ಎಂಬುದನ್ನು ತಾರೀಖಿನೊಡನೆ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿದರು. ನಾಳೆ ಬೇರೆಯವರು ಬಿಚ್ಚಿದರೆ ಅವರಿಗೆ ತಿಳಿಯಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ಎಷ್ಟೋ ವರ್ಷದ ಮೇಲೆ ತಾಳೆಗರಿಗಳ ಪಾಠಾಂತರಗಳನ್ನು ಗುರುತುಹಾಕುವ ಕೆಲಸಕ್ಕೆ ಕುಳಿತಾಗ ನನಗೆ ಆ ಚೀಟಿ ನೆನಪಾಗುತ್ತಿತ್ತು. ಅರ್ಥವಾಗದ ಪದವನ್ನು ಲಿಪಿಕಾರ ಬದಲಿಸುವುದು ತಪ್ಪಲ್ಲ, ಎಷ್ಟೋ ಕಡೆ ಅವನ ಊಹೆಯೇ ಸರಿ. ಬದಲಿಸಿದೆನೆಂದು ಹೇಳದೆ ಹೋಗುತ್ತಾನಲ್ಲ, ಅದು ಕಷ್ಟ. ಮುಂದಿನವನು ಆದೇಶವನ್ನೇ ಮೂಲವೆಂದು ನಂಬಿ ಅದರ ಮೇಲೆ ಇನ್ನೊಂದು ಆದೇಶವನ್ನು ಕಟ್ಟುತ್ತಾನೆ. ಗ್ರಂಥದಲ್ಲಾದರೆ ಅಪಾರ್ಥ, ಮುನ್ನೂರು ನಾನೂರು ವೋಲ್ಟು ಓಡಾಡುವ ಪೆಟ್ಟಿಗೆಯಲ್ಲಾದರೆ ಬೆಂಕಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಳೆಯ ದನಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಡಿದ ಬದಲಾವಣೆ. ಯುದ್ಧಾನಂತರ ಕತೆ ಒಂದು ವಿಚಿತ್ರವಾದ ತಿರುವು ಪಡೆಯಿತು. 1947ರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬ ತರುಣ ಎಂಜಿನಿಯರು ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಆಂಪ್ಲಿಫೈಯರಿನ ನಕ್ಷೆಯನ್ನು ಪ್ರಕಟಿಸಿದರು. ಸಂಗೀತವನ್ನು ಅಷ್ಟು ನಿರ್ಮಲವಾಗಿ ಕೇಳಿಸುವ ನಕ್ಷೆ ಅದುವರೆಗೆ ವಿರಳವೆಂದು ಅದು ಜಗತ್ತಿನಾದ್ಯಂತ ಹೆಸರಾಯಿತು. ಅದರ ಜೀವಾಳ ಇಂಗ್ಲೆಂಡಿನ ಕೆಟಿ66 ಎಂಬ ವಾಲ್ವು. ಅಮೆರಿಕದ ಹವ್ಯಾಸಿಗಳಿಗೆ ಅದು ಸುಲಭವಾಗಿ ಸಿಗುವಂತಿರಲಿಲ್ಲ. ಅವರ ಕೈಯಲ್ಲಿ ಇದ್ದುದು ಯುದ್ಧದಿಂದ ಮಿಕ್ಕಿ ಅಗ್ಗಕ್ಕೆ ಬಂದಿದ್ದ 807. ತಲೆಯ ಮೇಲೊಂದು ಟೋಪಿಯಂಥ ಸಂಪರ್ಕವುಳ್ಳ, ಪ್ರಸಾರ ಯಂತ್ರಗಳಿಗೆಂದು ಮಾಡಿದ ವಾಲ್ವು. ಅದರ ಒಳರಚನೆ ಅವರ ಹಳೆಯ 6ಎಲ್6ನದೇ. 1949ರ ಹೊತ್ತಿಗೆ 807ನ್ನು ಇಟ್ಟು ಮಾಡಿದ ವಿಲಿಯಮ್ಸನ್ ನಕ್ಷೆ ಅಮೆರಿಕದ ಪತ್ರಿಕೆಯಲ್ಲೂ ಅಚ್ಚಾಯಿತು. ಸಂದೇಶ ಕಳಿಸುವುದಕ್ಕೆಂದು ಹುಟ್ಟಿದ್ದು ಬೀಥೋವನನ ಸೇವೆಗೆ ನಿಂತಿತು.

ಈ ಋಣವನ್ನು ಕಾಲ ಬೇಗನೆ ತೀರಿಸಿತು. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಎಂಬ ಡ್ರಮ್ ವಾದಕ, ತನ್ನ ಸಹಾಯಕರಾದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡನೆ ಗಿಟಾರಿನ ಆಂಪ್ಲಿಫೈಯರ್ ಒಂದನ್ನು ಮಾಡಲು ಹೊರಟನು. ಮಾದರಿಯಾಗಿ ಇಟ್ಟುಕೊಂಡದ್ದು ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಎಂಬುದನ್ನು. ನಕ್ಷೆ ಬಹುಮಟ್ಟಿಗೆ ಅದೇ. ಆದರೆ ಮೊದಲ ಸ್ಥಾನದಲ್ಲಿ ಫೆಂಡರಿನವರು 12ಎವೈ7 ಇಟ್ಟಿದ್ದರು, ಇವರು ಇಸಿಸಿ83 ಇಟ್ಟರು. ಪಿನ್ನು ಒಂದೇ, ತಂತು ಒಂದೇ, ಯಾವ ತಂತಿಯನ್ನೂ ಮುಟ್ಟಬೇಕಾಗಿಲ್ಲ. ಆದರೆ ವರ್ಧನಾಂಕ ನೋಡಿ: ಅದರದು ಸುಮಾರು 44, ಇದರದು 100. ಸ್ಪೀಕರನ್ನು ನಡೆಸುವ ಜಾಗದಲ್ಲಿ ಮೊದಲು ಅಮೆರಿಕದ 5881, ಆಮೇಲೆ ಇಂಗ್ಲೆಂಡಿನದೇ ಆದ ಕೆಟಿ66, 1960ರ ದಶಕದ ನಡುವೆ ಇಎಲ್34 ಬಂದು ಕುಳಿತವು. ಫಲವೇನಾಯಿತು? ವಾದಕ ತಂತಿಯನ್ನು ಜೋರಾಗಿ ಮೀಟಿದರೆ ದನಿ ಬೇಗನೆ ಒಡೆಯತೊಡಗಿತು, ಗೊಗ್ಗರವಾಯಿತು. ಎಂಜಿನಿಯರನ ಕಣ್ಣಿಗೆ ಇದು ದೋಷ. ಆ ಊರಿನ ಹುಡುಗರಿಗೆ ಅದೇ ಬೇಕಾಗಿತ್ತು. ಬ್ರಿಟಿಷ್ ರಾಕ್ ಸಂಗೀತದ ದನಿಯೆಂದು ಲೋಕ ಗುರುತಿಸುವುದು ಈ ಗೊಗ್ಗರವನ್ನೇ. ನನ್ನ ಕಿವಿ ವೀಣೆಗೂ ಪಿಟೀಲಿಗೂ ಒಗ್ಗಿದ್ದು, ಆ ಸಂಗೀತದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಆದೇಶವೊಂದು ಮೂಲವನ್ನೇ ಹಿಂದಿಕ್ಕಿ ತಾನೇ ಮೂಲವಾದ ಕತೆ ಭಾಷೆಯಲ್ಲಿಯೂ ಉಂಟು. ಹಳಗನ್ನಡದ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು. ಇಂದು ಅಂಗಡಿಗೆ ಹೋಗಿ ಪಾಲು ಕೊಡಿರೆಂದರೆ ಅಂಗಡಿಯವನು ಹಾಲು ಕೊಡುವನೆ?

ಮಾರ್ಷಲನ ಈ ಬದಲಾವಣೆ ಸಲೀಸಾಗಿ ಆಯಿತೆಂದು ತಿಳಿಯಬೇಡಿ. 6ಎಲ್6 ವಂಶದ ವಾಲ್ವಿನ ತಂತು 0.9 ಆಂಪಿಯರ್ ಎಳೆದರೆ ಕೆಟಿ66 ಸುಮಾರು 1.3 ಎಳೆಯುತ್ತದೆ, ಇಎಲ್34 ಒಂದೂವರೆ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿಗೆ ಅಷ್ಟನ್ನು ಉಣಿಸುವ ತ್ರಾಣ ಇರಬೇಕು. 6ಎಲ್6ನಲ್ಲಿ ಒಂದನೆಯ ಪಿನ್ನಿಗೆ ಕೆಲಸವಿಲ್ಲ. ಇಎಲ್34ರಲ್ಲಿ ಅದು ಮೂರನೆಯ ಜಾಲರಿಯದು, ಅದನ್ನು ಎಂಟನೆಯ ಪಿನ್ನಿಗೆ, ಎಂದರೆ ಕ್ಯಾಥೋಡಿಗೆ, ಸೇರಿಸಲೇಬೇಕು. ಬಯಾಸನ್ನೂ ಹೊಸದಾಗಿ ನಿಲ್ಲಿಸಬೇಕು; ಅದು ತಪ್ಪಿದರೆ ತಗಡು ಕೆಂಡದಂತೆ ಕೆಂಪಾಗಿ ವಾಲ್ವೂ ಹೋಗುತ್ತದೆ, ಅದರ ಜೊತೆ ಟ್ರಾನ್ಸ್‌ಫಾರ್ಮರೂ ಹೋಗಬಹುದು. ಇದೇ ರೀತಿ, ಕರೆಂಟನ್ನು ಏಕಮುಖ ಮಾಡುವ 5ವೈ3ಯ ಜಾಗದಲ್ಲಿ 5ಯು4 ಹಾಕುವವರುಂಟು. ಕೆಲಸವೇನೋ ಮಾಡುತ್ತದೆ, ಆದರೆ 2 ಆಂಪಿಯರಿನ ಜಾಗದಲ್ಲಿ 3 ಆಂಪಿಯರ್ ತಿನ್ನುವ ನೆಂಟ ಅದು. ಇನ್ನು ಕೆಲವರು ವಾಲ್ವೇ ಬೇಡವೆಂದು ಸಿಲಿಕಾನ್ ಡಯೋಡನ್ನು ಬೆಸೆಯುತ್ತಾರೆ. ಆಗ ಉಳಿದ ವಾಲ್ವುಗಳು ಕಾಯುವ ಮುಂಚೆಯೇ ಪೂರ್ಣ ವೋಲ್ಟೇಜು ನುಗ್ಗಿ ಹಳೆಯ ಕಂಡೆನ್ಸರುಗಳನ್ನು ಬಲಿ ತೆಗೆದುಕೊಳ್ಳುತ್ತದೆ.

ಹೆಸರಿನ ಸಾಮ್ಯಕ್ಕಿಂತ ಗುಣದ ಸಾಮ್ಯ ಹೆಚ್ಚು ಮೋಸಮಾಡುವುದೂ ಉಂಟು. ರಷ್ಯಾದಲ್ಲಿ 6ಎನ್2ಪಿ ಎಂಬ ವಾಲ್ವಿದೆ. ಅದರ ವರ್ಧನಾಂಕ ಇಸಿಸಿ83ರಷ್ಟೇ ಎನ್ನಬಹುದು, ಪೀಠವೂ ಒಂಬತ್ತು ಪಿನ್ನಿನದು, ಸಾಕೆಟ್ಟಿಗೆ ಸರಿಯಾಗಿ ಕೂರುತ್ತದೆ. ಆದರೆ ಅದರ ತಂತು ನಾಲ್ಕು ಮತ್ತು ಐದನೆಯ ಪಿನ್ನುಗಳ ನಡುವೆ ಇದೆ. ಇಸಿಸಿ83ಕ್ಕೆಂದು 6.3 ವೋಲ್ಟಿನ ಕ್ರಮದಲ್ಲಿ ಬೆಸೆದ ಸಾಕೆಟ್ಟಿನಲ್ಲಿ ಆ ಎರಡು ಪಿನ್ನುಗಳೂ ಒಂದೇ ತಂತಿಗೆ ಸೇರಿರುತ್ತವೆ. ಹೀಗಾಗಿ ತಂತುವಿಗೆ ವೋಲ್ಟೇಜೇ ದೊರೆಯದೆ ವಾಲ್ವು ತಣ್ಣಗೆ ಕುಳಿತಿರುತ್ತದೆ. ಸಾಕೆಟ್ಟಿನ ತಂತಿ ಬದಲಿಸಿದವನಿಗೆ ಮಾತ್ರ ಅದು ದನಿಗೊಡುತ್ತದೆ.

ಟ್ರಾನ್ಸಿಸ್ಟರು ಬಂದು ವಾಲ್ವಿನ ಕಾಲ ಮುಗಿಯಿತೆಂದುಕೊಂಡಿದ್ದೆವು. ಪೂರ್ತಿ ಮುಗಿಯಲಿಲ್ಲ. ಗಿಟಾರ್ ವಾದಕರೂ ಸಂಗೀತದ ಹವ್ಯಾಸಿಗಳೂ ಅದನ್ನು ಬಿಡಲಿಲ್ಲವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳ ಕೆಲವೇ ಕಾರ್ಖಾನೆಗಳು ಅದನ್ನು ತಯಾರಿಸುತ್ತ ಬಂದವು. ಜಾಲಹಳ್ಳಿಯ ಹಳೆಯ ದಾಸ್ತಾನಿನ ಇಎಲ್84, ಇಸಿಸಿ83ಗಳನ್ನೂ ಹೊರನಾಡಿನ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ಯೂರೋಪಿನ ಹಳೆಯ ವಾಲ್ವು ದುಬಾರಿಯಾದಾಗ ಅದರ ಬದಲಿಗೆ ಇದು. ನಮ್ಮಲ್ಲಿ ಆಮದಿನ ವಾಲ್ವಿಗೆ ಬದಲಿಯಾಗಿ ಹುಟ್ಟಿದ್ದು ಈಗ ಅವರ ದೇಶದಲ್ಲೇ ಅವರದಕ್ಕೆ ಬದಲಿ. 2022ರಲ್ಲಿ ಉಕ್ರೇನಿನ ಯುದ್ಧದಿಂದ ರಷ್ಯಾದ ವಾಲ್ವುಗಳ ರಫ್ತಿಗೆ ಅಡ್ಡಿ ಬಂದಾಗ, ಯಾವುದರ ಜಾಗಕ್ಕೆ ಯಾವುದು ಸಂದೀತು ಎಂಬ ಹಳೆಯ ಲೆಕ್ಕಾಚಾರ ಮತ್ತೆ ಪ್ರಾರಂಭವಾಯಿತು.

ಆ ರಷ್ಯಾದ ವಾಲ್ವುಗಳಲ್ಲಿ ಒಂದರ ಹುಟ್ಟುಹೆಸರು 6ಪಿ3ಎಸ್-ಇ. ಪಶ್ಚಿಮದ ಪೇಟೆಯಲ್ಲಿ ಅದರ ಮೈಮೇಲೆ 5881 ಎಂದು ಅಚ್ಚೊತ್ತಿ ಮಾರಿದರು. ಗುಣ ಬಹಳ ಹತ್ತಿರ, ಕೆಲಸಕ್ಕೆ ಕುಂದಿಲ್ಲ. ಆದರೂ ನನಗೆ ಸಾಹೇಬರ ರೀತಿಯೇ ಮೇಲು. ಮಾರ್ಷಲ್ ಕಂಪನಿ ತನ್ನ ಆ ಮೊದಲ ಆಂಪ್ಲಿಫೈಯರನ್ನು 1989ರಲ್ಲಿ ಮರಳಿ ತಯಾರಿಸಿದಾಗ ಅದರಲ್ಲಿ 5881ನ್ನೇ ಹಾಕಿ ಮಾರಿತು. ಚರಿತ್ರೆಯ ಪ್ರಕಾರ ಅದೇ ಸರಿ, ಮೊದಲು ಇದ್ದುದು ಅದೇ ತಾನೆ? ಕೊಂಡ ವಾದಕರಲ್ಲಿ ಎಷ್ಟೋ ಜನ ಮನೆಗೆ ಒಯ್ದು, ಅವನ್ನು ಕಿತ್ತು, ಬಯಾಸ್ ಸರಿಪಡಿಸಿ ಕೆಟಿ66 ಹಾಕಿಕೊಂಡರು. ಕೇಳಿದರೆ, ಮೂಲದ ದನಿ ಬೇಕಾಗಿತ್ತು ಎನ್ನುತ್ತಾರೆ.